‘ನಿಫೇರಿಯಸ್’ ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ: ಅರ್ಥ, ಉಚ್ಚಾರ, ಬಳಕೆ

ಇಂಗ್ಲಿಷಿನಲ್ಲಿ ಕೆಟ್ಟತನವನ್ನು ಹೇಳುವ ಗುಣವಾಚಕಗಳಿಗೆ ಬರವಿಲ್ಲ. ಈವಿಲ್, ವಿಕೆಡ್, ವಿಶಸ್, ಸಿನಿಸ್ಟರ್, ಹೇನಸ್, ನಿಫೇರಿಯಸ್ ಹೀಗೆ ಸಾಲು ಸಾಲಾಗಿವೆ. ನಿಘಂಟು ತೆರೆದರೆ ಎಲ್ಲದರ ಮುಂದೆಯೂ ‘ದುಷ್ಟ’, ‘ನೀಚ’, ‘ಕೆಟ್ಟ’ ಎಂಬ ಅವೇ ಎರಡು ಮೂರು ಪದಗಳು ಸಿಗುತ್ತವೆ. ಅದನ್ನು ನೋಡಿ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೂ ನಡೆಯುತ್ತದೆ ಅಂದುಕೊಂಡರೆ ವಾಕ್ಯ ಕೆಡುತ್ತದೆ. ಅದರಲ್ಲೂ ‘ನಿಫೇರಿಯಸ್’ ವಿಷಯದಲ್ಲಿ ಎಚ್ಚರ ಬೇಕು. ಕೇಳುವುದಕ್ಕೆ ಗಂಭೀರವಾಗಿದೆ, ಬರಹಕ್ಕೆ ತೂಕ ಬರುತ್ತದೆ ಎಂದು ಅದನ್ನು ಎಳೆದು ತರುವವರು ಬಹಳ. ಆದರೆ ಅದು ಸುಮ್ಮನೆ ‘ತುಂಬಾ ಕೆಟ್ಟ’ ಎಂದು ಹೇಳುವ ಪದವಲ್ಲ, ಒಬ್ಬರ ಉದ್ದೇಶದ ಮೇಲೆಯೇ ಆರೋಪ ಹೊರಿಸುವ ಪದ.

ಅರ್ಥ ಹೀಗಿದೆ: ದುರುದ್ದೇಶ ಇಟ್ಟುಕೊಂಡು, ಬೇಕೆಂದೇ ಯೋಚಿಸಿ ಮಾಡುವ, ನೀತಿಗೆ ತೀರಾ ವಿರುದ್ಧವಾದ. ಇದರಲ್ಲಿ ಎರಡು ಅಂಶ ಕಡ್ಡಾಯ. ಕೆಲಸ ನೀತಿಗೆಟ್ಟದ್ದಾಗಿರಬೇಕು, ಮಾಡುವವನಿಗೆ ಅದು ಗೊತ್ತಿದ್ದೇ ಮಾಡುತ್ತಿರಬೇಕು. ಮೂರನೆಯದೊಂದಿದೆ: ಗುಟ್ಟು. ಅದು ಕಡ್ಡಾಯವಲ್ಲ, ಆದರೂ ಈ ಪದ ಕಿವಿಗೆ ಬಿದ್ದ ಕೂಡಲೇ ಮರೆಯಲ್ಲಿ ಏನೋ ನಡೆಯುತ್ತಿದೆ ಎಂಬ ಭಾವ ಓದುವವರಲ್ಲಿ ಮೂಡುತ್ತದೆ. ಅರಿಯದೆ ಆದ ತಪ್ಪು, ಸಿಟ್ಟಿನ ಭರದಲ್ಲಿ ಕೊಟ್ಟ ಏಟು, ಬೇಜವಾಬ್ದಾರಿಯಿಂದ ಆದ ಅಪಘಾತ ಎಷ್ಟೇ ದೊಡ್ಡ ಹಾನಿ ಮಾಡಿದ್ದರೂ ನಿಫೇರಿಯಸ್ ಅಲ್ಲ. ಸಂಚು ಕೈಗೂಡದೆ ಯಾರಿಗೂ ಏನೂ ಆಗದಿದ್ದರೂ ಆ ಸಂಚು ನಿಫೇರಿಯಸ್ಸೇ. ಈ ಪದ ಅಳೆಯುವುದು ಮನಸ್ಸಿನ ಕೇಡನ್ನು. ಹಾನಿ ಎಷ್ಟಾಯಿತು ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಬೇರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ

ಲ್ಯಾಟಿನ್ ಭಾಷೆಯಲ್ಲಿ ‘ಫಾಸ್’ ಎಂದರೆ ದೈವ ಒಪ್ಪುವಂಥದ್ದು, ಧರ್ಮಕ್ಕೆ ಸರಿಯಾದದ್ದು. ಅದರ ಹಿಂದೆ ‘ನೆ’ ಎಂಬ ನಿಷೇಧ ಸೇರಿ ‘ನೆಫಾಸ್’ ಆಯಿತು: ಅಧರ್ಮ, ಪಾಪ, ಮಾಡಲೇಬಾರದ್ದು. ಅದರಿಂದ ‘ನೆಫಾರಿಯಸ್’ ಎಂಬ ಗುಣವಾಚಕ ಹುಟ್ಟಿತು, ಸುಮಾರು 1600ರ ಹೊತ್ತಿಗೆ ಇಂಗ್ಲಿಷಿಗೆ ಬಂದಿತು. ಧರ್ಮ–ಅಧರ್ಮ ಎಂಬ ಜೋಡಿ ನಮಗೆ ಹೇಗೋ ಫಾಸ್–ನೆಫಾಸ್ ರೋಮನ್ನರಿಗೆ ಹಾಗೆ. ಅವರ ಪಂಚಾಂಗದಲ್ಲಿ ನ್ಯಾಯಾಲಯದ ಕಲಾಪ ನಡೆಸಬಹುದಾದ ದಿನಗಳು, ನಡೆಸಬಾರದ ದಿನಗಳು ಎಂದು ಬೇರೆ ಬೇರೆ ಗುರುತು ಇರುತ್ತಿತ್ತು. ಮೊದಲನೆಯವು ‘ಫಾಸ್ಟಿ’, ಎರಡನೆಯವು ‘ನೆಫಾಸ್ಟಿ’. ಅದೇ ಬೇರು.

ಇದು ಬರೀ ಇತಿಹಾಸದ ಮಾತಲ್ಲ, ಬಳಕೆಗೂ ನೇರವಾಗಿ ಸಂಬಂಧಿಸಿದೆ. ಕಾನೂನು ಮುರಿದದ್ದೆಲ್ಲ ನಿಫೇರಿಯಸ್ ಆಗುವುದಿಲ್ಲ, ಕಾನೂನು ಒಪ್ಪಿದ್ದೂ ಕೆಲವೊಮ್ಮೆ ನಿಫೇರಿಯಸ್ ಆಗುತ್ತದೆ. ವಾಹನ ನಿಲ್ಲಿಸಬಾರದ ಕಡೆ ನಿಲ್ಲಿಸುವುದು ಕಾನೂನಿಗೆ ವಿರುದ್ಧ. ಅದನ್ನು ನಿಫೇರಿಯಸ್ ಎಂದರೆ ನಗುತ್ತಾರೆ. ಇದಕ್ಕೆ ಎದುರಾದ ಒಂದು ಪ್ರಸಂಗ ಅಮೆರಿಕದ ಸಂವಿಧಾನ ರಚನಾ ಸಭೆಯಲ್ಲಿ ಸಿಗುತ್ತದೆ. 1787ರ ಆಗಸ್ಟ್ 8ರಂದು ಫಿಲಡೆಲ್ಫಿಯಾದಲ್ಲಿ ಗವರ್ನೂರ್ ಮಾರಿಸ್ ಎಂಬ ಪ್ರತಿನಿಧಿ ಗುಲಾಮಗಿರಿಯನ್ನು ‘ನಿಫೇರಿಯಸ್ ಇನ್‌ಸ್ಟಿಟ್ಯೂಷನ್’ ಎಂದು ಕರೆದದ್ದು ಜೇಮ್ಸ್ ಮ್ಯಾಡಿಸನ್ ಬರೆದಿಟ್ಟ ಟಿಪ್ಪಣಿಗಳಲ್ಲಿದೆ. (ಗವರ್ನೂರ್ ಎಂಬುದು ಅವನ ಹೆಸರು, ಹುದ್ದೆಯಲ್ಲ.) ಆಗ ಅಲ್ಲಿನ ಹಲವು ರಾಜ್ಯಗಳಲ್ಲಿ ಗುಲಾಮಗಿರಿಗೆ ಕಾನೂನಿನ ರಕ್ಷಣೆಯೇ ಇತ್ತು, ದೇಶಾದ್ಯಂತ ಅದನ್ನು ರದ್ದು ಮಾಡಿದ ತಿದ್ದುಪಡಿ ಬಂದದ್ದು 1865ರಲ್ಲಿ. ‘ಇಲ್ಲೀಗಲ್’ ಎಂದು ಹೇಳಲು ದಾರಿಯೇ ಇಲ್ಲದ ಜಾಗದಲ್ಲಿ ‘ನಿಫೇರಿಯಸ್’ ಎಂದು ಹೇಳಲು ಬಂತು. ಮನುಷ್ಯರ ಕಾನೂನಿಗಿಂತ ಮೇಲಿನ ಒಂದು ಧರ್ಮವನ್ನು ಮುಂದಿಟ್ಟುಕೊಂಡು ತೀರ್ಪು ಕೊಡುವ ಶಕ್ತಿ ಈ ಪದಕ್ಕೆ ಇದೆ.

ಬರೆಯುವುದು, ಹೇಳುವುದು

ಅಕ್ಷರಗಳು ಒಂಬತ್ತು: ಎನ್, ಇ, ಎಫ್, ಎ, ಆರ್, ಐ, ಒ, ಯು, ಎಸ್. ಇದನ್ನು ತಪ್ಪದೆ ಬರೆಯಲು ಸುಲಭದ ದಾರಿಯೊಂದಿದೆ. ‘ವೇರಿಯಸ್’ ಪದ ಬರೆಯಲು ಎಲ್ಲರಿಗೂ ಬರುತ್ತದೆ. ಅದರ ಮೊದಲ ‘ವಿ’ ತೆಗೆದು ಆ ಜಾಗಕ್ಕೆ ಎನ್‌-ಇ-ಎಫ್ ಇಟ್ಟರೆ ಪದ ಸಿದ್ಧ. ಬರೆದ ಮೇಲೆ ಸ್ವರಗಳನ್ನು ಎಣಿಸಿ ನೋಡಿ. ಇಂಗ್ಲಿಷಿನ ಎ, ಇ, ಐ, ಒ, ಯು ಐದೂ ಇದರಲ್ಲಿವೆ, ಪ್ರತಿಯೊಂದೂ ಒಂದೇ ಸಲ. ಒಂದು ಸ್ವರ ಎರಡು ಸಲ ಬಂದಿದ್ದರೆ ಅಥವಾ ಒಂದು ಕಾಣೆಯಾಗಿದ್ದರೆ ಕಾಗುಣಿತ ತಪ್ಪಾಗಿದೆ ಎಂದೇ ಅರ್ಥ. ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು: ಎನ್ ಆದ ಮೇಲೆ ‘ಇ’ ಬದಲು ‘ಎ’ ಬರೆಯುವುದು, ಆರ್ ಆದ ಮೇಲೆ ‘ಐ’ ಬದಲು ‘ಇ’ ಬರೆಯುವುದು, ಕೊನೆಯಲ್ಲಿ ‘ಒ’ ಬಿಟ್ಟುಬಿಡುವುದು. ಮೂರನ್ನೂ ಈ ಎಣಿಕೆ ಹಿಡಿದುಕೊಡುತ್ತದೆ.

ಉಚ್ಚಾರ: ನಿ–ಫೇ–ರಿ–ಅಸ್. ಒತ್ತು ಎರಡನೆಯ ‘ಫೇ’ ಮೇಲೆ. ಪದದ ಮೊದಲ ಅಕ್ಷರಕ್ಕೇ ಒತ್ತು ಕೊಡುವ ರೂಢಿಯಿಂದ ನಾವು ‘ನೆ’ಫರಿಯಸ್ ಎಂದುಬಿಡುತ್ತೇವೆ, ಹಾಗೆ ಹೇಳಿದರೆ ಇಂಗ್ಲಿಷ್ ಮನೆಮಾತಿನವರಿಗೆ ಯಾವ ಪದ ಎಂದು ತಕ್ಷಣ ತಿಳಿಯುವುದಿಲ್ಲ. ಮೊದಲ ‘ನಿ’ ಗಿಡ್ಡ, ಹಗುರ. ಅಮೆರಿಕದವರ ಬಾಯಲ್ಲಿ ಅದು ‘ನ’ ಎನ್ನುವಷ್ಟು ಸಣ್ಣದಾಗುತ್ತದೆ. ‘ಹಿಲೇರಿಯಸ್’, ‘ಪ್ರಿಕೇರಿಯಸ್’ ಎರಡನ್ನೂ ಇದೇ ಲಯದಲ್ಲಿ ಹೇಳುತ್ತಾರೆ. ಮೂರನ್ನೂ ಒಂದರ ಹಿಂದೆ ಒಂದು ಹೇಳಿ ನೋಡಿದರೆ ಒತ್ತು ತಾನಾಗಿಯೇ ಜಾಗಕ್ಕೆ ಬರುತ್ತದೆ. ಇನ್ನು ‘ಫ’. ಕನ್ನಡದ ‘ಫಲ’ದಲ್ಲಿರುವ ಮಹಾಪ್ರಾಣ ಇಲ್ಲಿ ಬೇಡ. ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ಕಾಫಿ’ ಎನ್ನುವಾಗ ತಾಗುವಂತೆ.

ಕ್ರಿಯಾವಿಶೇಷಣ ‘ನಿಫೇರಿಯಸ್ಲಿ’, ನಾಮಪದ ‘ನಿಫೇರಿಯಸ್‌ನೆಸ್’. ಎರಡೂ ವ್ಯಾಕರಣಕ್ಕೆ ಸರಿ, ಬಳಕೆಯಲ್ಲಿ ಅಪರೂಪ. ನಾಮಪದವನ್ನಂತೂ ಬಿಟ್ಟುಬಿಡಬಹುದು, ಆ ಅರ್ಥಕ್ಕೆ ‘ವಿಕೆಡ್‌ನೆಸ್’ ಸಲೀಸಾಗಿ ಬರುತ್ತದೆ. ಹಿಂದೆ ಬರುವ ಆರ್ಟಿಕಲ್ ‘ಎ’, ‘ಆ್ಯನ್’ ಅಲ್ಲ.

ವಾಕ್ಯದಲ್ಲಿ ಜಾಗ

ಈ ಪದ ಹೆಚ್ಚಾಗಿ ನಾಮಪದದ ಹಿಂದೆಯೇ ಅಂಟಿಕೊಂಡು ಬರುತ್ತದೆ. ಜೊತೆಯಾಗುವ ನಾಮಪದಗಳೂ ಹೆಚ್ಚುಕಡಿಮೆ ಗೊತ್ತಾದವೇ: ಆ್ಯಕ್ಟಿವಿಟೀಸ್, ಪರ್ಪಸಸ್, ಸ್ಕೀಮ್, ಪ್ಲಾಟ್, ಡಿಸೈನ್ಸ್, ಎಂಡ್ಸ್, ಮೀನ್ಸ್, ಮೋಟಿವ್ಸ್, ಇಂಟೆಂಟ್, ಡೀಡ್ಸ್. ಈ ಪಟ್ಟಿಯನ್ನು ಗಮನಿಸಿ. ಬಹುತೇಕ ಎಲ್ಲವೂ ಕೆಲಸಕ್ಕೆ, ಯೋಜನೆಗೆ, ಉದ್ದೇಶಕ್ಕೆ ಸಂಬಂಧಿಸಿದವು. ವಸ್ತು, ಜಾಗ, ಹವೆ, ಮುಖ, ನಗು ಇಲ್ಲ. ಹೊಸದಾಗಿ ಬಳಸಲು ಹೊರಟವರು ಮೊದಲಿಗೆ ಈ ಪಟ್ಟಿಯ ಆಚೆ ಹೋಗದಿದ್ದರೆ ಒಳ್ಳೆಯದು. ಇವುಗಳಲ್ಲಿ ‘ಫಾರ್ ನಿಫೇರಿಯಸ್ ಪರ್ಪಸಸ್’ ಎಂಬುದು ಸಿದ್ಧ ಅಚ್ಚಿನಂತೆ ಬಳಕೆಯಾಗುತ್ತದೆ. ‘ದಿ ಸ್ಟೋಲನ್ ಡೇಟಾ ವಾಸ್ ಯೂಸ್ಡ್ ಫಾರ್ ನಿಫೇರಿಯಸ್ ಪರ್ಪಸಸ್’ ಎಂದರೆ ‘ಕದ್ದ ಮಾಹಿತಿಯನ್ನು ದುರುದ್ದೇಶಕ್ಕೆ ಬಳಸಲಾಯಿತು’. ಇಲ್ಲಿ ‘ಪರ್ಪಸ್’ ಬಹುವಚನದಲ್ಲೇ ಇರಲಿ, ಏಕವಚನ ಮಾಡಿದರೆ ನುಡಿಗಟ್ಟಿನ ಓಟ ನಿಂತುಹೋಗುತ್ತದೆ.

ಕ್ರಿಯಾಪದದ ನಂತರ ಬರಬಾರದು ಎಂದೇನೂ ಇಲ್ಲ. ‘ದೇರ್ ಮೋಟಿವ್ಸ್ ವರ್ ನಿಫೇರಿಯಸ್’ ಸರಿಯಾದ ವಾಕ್ಯವೇ. ‘ಸಮ್‌ಥಿಂಗ್’, ‘ಎನಿಥಿಂಗ್’, ‘ನಥಿಂಗ್’ ಜೊತೆ ಮಾತ್ರ ಅದು ಕಡ್ಡಾಯವಾಗಿ ನಂತರವೇ ಬರಬೇಕು: ‘ಸಮ್‌ಥಿಂಗ್ ನಿಫೇರಿಯಸ್’. ಕನ್ನಡದಲ್ಲಿ ‘ಏನೋ ಕೆಟ್ಟದ್ದು’ ಎನ್ನುವ ಅದೇ ಕ್ರಮ, ಆದ್ದರಿಂದ ತಪ್ಪುವ ಸಾಧ್ಯತೆ ಕಡಿಮೆ.

ಈ ಕೊನೆಯ ಬಳಕೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇಂದಿನ ಮಾತುಕತೆಯಲ್ಲಿ ಈ ಪದ ಜೀವಂತವಾಗಿರುವುದೇ ಇಲ್ಲಿ, ಅದೂ ಬಹಳ ಸಲ ನಿರಾಕರಣೆಯ ರೂಪದಲ್ಲಿ. ‘ದೇರ್ ಈಸ್ ನಥಿಂಗ್ ನಿಫೇರಿಯಸ್ ಅಬೌಟ್ ಇಟ್’ ಎಂದರೆ ‘ಇದರಲ್ಲಿ ಯಾವ ದುರುದ್ದೇಶವೂ ಇಲ್ಲ’, ‘ಇದರ ಹಿಂದೆ ಯಾವ ಹುನ್ನಾರವೂ ಇಲ್ಲ’. ಒಂದು ಕಡತ ಸಿಗುತ್ತಿಲ್ಲ, ಸಭೆ ಏಕಾಏಕಿ ಮುಂದಕ್ಕೆ ಹೋಯಿತು, ಜನ ಗುಸುಗುಸು ಮಾತಾಡುತ್ತಿದ್ದಾರೆ. ಆಗ ಸಂಬಂಧಪಟ್ಟವರು ಈ ವಾಕ್ಯ ಹೇಳುತ್ತಾರೆ. ಇದರ ಜೋಡಿ ‘ಆರ್ ಸಮ್‌ಥಿಂಗ್ ಮೋರ್ ನಿಫೇರಿಯಸ್’: ‘ವಾಸ್ ಇಟ್ ಎ ಕ್ಲೆರಿಕಲ್ ಎರರ್, ಆರ್ ಸಮ್‌ಥಿಂಗ್ ಮೋರ್ ನಿಫೇರಿಯಸ್?’ ಎಂದರೆ ‘ಬರೆಯುವಾಗ ಆದ ತಪ್ಪೋ, ಇಲ್ಲ ಬೇಕೆಂದೇ ಮಾಡಿದ್ದೋ?’ ಇಲ್ಲಿನ ‘ಮೋರ್’ ಅನ್ನು ‘ಹೆಚ್ಚು’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ಮೊದಲನೆಯದು ನಿಫೇರಿಯಸ್, ಎರಡನೆಯದು ಅದಕ್ಕಿಂತ ಹೆಚ್ಚು ನಿಫೇರಿಯಸ್ ಎಂದು ಹೋಲಿಸುತ್ತಿಲ್ಲ. ಮೊದಲನೆಯದರಲ್ಲಿ ಕೇಡು ಇಲ್ಲವೇ ಇಲ್ಲ.

‘ವೆರಿ ನಿಫೇರಿಯಸ್’ ಎನ್ನಬೇಡಿ. ಪದವೇ ತುತ್ತತುದಿಯಲ್ಲಿದೆ, ‘ವೆರಿ’ ಹಾಕಿದರೆ ಅದರ ಬಲ ಇಳಿಯುತ್ತದೆ. ಒತ್ತು ಬೇಕೇ ಬೇಕೆಂದರೆ ‘ಟ್ರೂಲಿ’ ಇದೆ.

ವ್ಯಕ್ತಿಯನ್ನು ನಿಫೇರಿಯಸ್ ಎನ್ನಬಹುದೇ? ‘ಎ ನಿಫೇರಿಯಸ್ ಕ್ಯಾರೆಕ್ಟರ್’ ನಡೆಯುತ್ತದೆ. ‘ನಿಫೇರಿಯಸ್ ಮ್ಯಾನ್’ ಹಳೆಯ ನಾಟಕದ ಖಳನನ್ನು ನೆನಪಿಸುತ್ತದೆ. ವ್ಯಕ್ತಿಗಿಂತ ಅವನ ಕೆಲಸಕ್ಕೆ ಈ ಪದ ಸೇರಿಸುವುದು ಯಾವಾಗಲೂ ಸೊಗಸು.

ಅಕ್ಕಪಕ್ಕದ ಪದಗಳಿಂದ ಬಿಡಿಸಿಕೊಳ್ಳುವುದು

ಹೆಚ್ಚು ಗೊಂದಲ ಆಗುವುದು ‘ಹೇನಸ್’ ಜೊತೆ. ಕೃತ್ಯದ ಭೀಕರತೆ ನೋಡಿ ಜೀವ ನಡುಗಿದರೆ ಅದು ಹೇನಸ್. ಕೊಲೆ, ಚಿತ್ರಹಿಂಸೆ, ಮಕ್ಕಳ ಮೇಲಿನ ಕ್ರೌರ್ಯ. ಕನ್ನಡದ ‘ಘೋರ ಅಪರಾಧ’, ‘ಅಮಾನುಷ ಕೃತ್ಯ’ಕ್ಕೆ ಸರಿಹೊಂದುವುದು ಅದೇ. ಕೃತ್ಯದ ಹಿಂದಿನ ಲೆಕ್ಕಾಚಾರ ನೋಡಿ ಅಸಹ್ಯವಾದರೆ ಅದು ನಿಫೇರಿಯಸ್. ಅನಾಥರ ಹೆಸರಿನಲ್ಲಿ ದೇಣಿಗೆ ಎತ್ತಿ ಸ್ವಂತಕ್ಕೆ ಸಾಗಿಸುವ ಜಾಲದಲ್ಲಿ ರಕ್ತ ಒಂದು ಹನಿಯೂ ಬೀಳುವುದಿಲ್ಲ, ಆದರೆ ನಿಫೇರಿಯಸ್ ಎನ್ನಲು ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅಂದಹಾಗೆ ‘ಹೇನಸ್’ ಅನ್ನು ಹೇನಸ್ ಎಂದೇ ಹೇಳಬೇಕು. ನಮ್ಮ ‘ಹೀನ’ ನೆನಪಾಗಿ ‘ಹೀನಸ್’ ಎನ್ನುವುದು ತಪ್ಪು, ಎರಡಕ್ಕೂ ನಂಟಿಲ್ಲ. ಅದು ದ್ವೇಷ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು.

‘ಸಿನಿಸ್ಟರ್’ ಒಂದು ಮುನ್ಸೂಚನೆ. ಏನು ನಡೆಯುತ್ತಿದೆ ಎಂದು ಇನ್ನೂ ಗೊತ್ತಿಲ್ಲ, ಆದರೆ ನೋಟದಲ್ಲಿ, ನಗುವಿನಲ್ಲಿ, ಮೌನದಲ್ಲಿ ಏನೋ ಅಪಾಯ ಸುಳಿಯುತ್ತಿದೆ. ಆದ್ದರಿಂದ ಮುಖ, ಧ್ವನಿ, ಮನೆ, ನೆರಳು ಇವೆಲ್ಲ ಸಿನಿಸ್ಟರ್ ಆಗಬಹುದು. ದುರುದ್ದೇಶ ಇದೆ ಎಂದು ಖಚಿತವಾಗಿ ತಿಳಿದು ಅದಕ್ಕೆ ತೀರ್ಪು ಕೊಡುವಾಗ ನಿಫೇರಿಯಸ್.

‘ಮಲಿಷಸ್’ನಲ್ಲಿ ಇನ್ನೊಬ್ಬರಿಗೆ ನೋವು ಕೊಡಬೇಕೆಂಬುದೇ ಗುರಿ. ಸುಳ್ಳು ಸುದ್ದಿ ಹಬ್ಬಿಸಿ ಒಬ್ಬರ ಮಾನ ಕಳೆಯುವುದು ಮಲಿಷಸ್. ನಿಫೇರಿಯಸ್ ಕೆಲಸ ಮಾಡುವವನಿಗೆ ಯಾರ ಮೇಲೂ ಹಗೆ ಇಲ್ಲದಿರಬಹುದು; ದುಡ್ಡು ಬಂದರೆ ಸಾಕು, ಯಾರು ಹಾಳಾದರೂ ಚಿಂತೆಯಿಲ್ಲ. ಕಂಪ್ಯೂಟರ್ ಹಾಳುಗೆಡವುವ ತಂತ್ರಾಂಶಕ್ಕೆ ‘ಮಲಿಷಸ್ ಸಾಫ್ಟ್‌ವೇರ್’ ಎಂಬುದು ನೆಲೆನಿಂತ ಹೆಸರು, ‘ಮಾಲ್‌ವೇರ್’ ಬಂದದ್ದೇ ಅದರಿಂದ. ಅಲ್ಲಿ ನಿಫೇರಿಯಸ್ ತೂರಿಸುವುದು ಬೇಡ. ‘ವಿಶಸ್’ ಎಂದರೆ ಕಚ್ಚುವ, ಕೆರಳಿದ ಕ್ರೌರ್ಯ. ನಾಯಿಗೂ ಹೊಂದುತ್ತದೆ, ಹಲ್ಲೆಗೂ ಹೊಂದುತ್ತದೆ. ‘ವಿಕೆಡ್’ ಮಕ್ಕಳ ಕಥೆಯಿಂದ ಹಿಡಿದು ತುಂಟ ನಗುವಿನವರೆಗೆ ಎಲ್ಲ ಕಡೆ ಓಡಾಡುತ್ತದೆ, ಆಡುಮಾತಿನಲ್ಲಿ ‘ಭರ್ಜರಿ’ ಎಂಬ ಹೊಗಳಿಕೆಯೂ ಆಗುತ್ತದೆ. ‘ನೊಟೋರಿಯಸ್’ ಬೇರೆಯೇ ಜಾತಿಯದು: ಕೆಟ್ಟ ಹೆಸರಿಗೆ ಪ್ರಸಿದ್ಧ, ಕುಖ್ಯಾತ. ನಿಫೇರಿಯಸ್ ಕೆಲಸ ಯಾರಿಗೂ ಗೊತ್ತಾಗದೇ ಇರಬಹುದು, ನೊಟೋರಿಯಸ್ ಆಗಲು ಊರಿಗೆಲ್ಲ ಗೊತ್ತಾಗಲೇಬೇಕು.

ದೊಡ್ಡ ಅನಾಹುತ ಮಾಡುವುದು ‘ಮಲ್ಟಿಫೇರಿಯಸ್’. ಬಾಲ ಒಂದೇ, ಅರ್ಥದಲ್ಲಿ ಆಕಾಶ–ಭೂಮಿಯ ಅಂತರ. ಮಲ್ಟಿಫೇರಿಯಸ್ ಎಂದರೆ ನಾನಾ ಬಗೆಯ. ಸಂಸ್ಥೆಯೊಂದರ ವಾರ್ಷಿಕ ವರದಿಯಲ್ಲಿ ‘ನಮ್ಮ ಬಹುಮುಖ ಚಟುವಟಿಕೆಗಳು’ ಎಂದು ಹೇಳಲು ಹೋಗಿ ‘ಅವರ್ ನಿಫೇರಿಯಸ್ ಆ್ಯಕ್ಟಿವಿಟೀಸ್’ ಎಂದು ಅಚ್ಚಾದರೆ ಆ ಸಂಸ್ಥೆ ತನ್ನ ದುಷ್ಕೃತ್ಯಗಳನ್ನು ತಾನೇ ಪ್ರಕಟಿಸಿದಂತೆ. ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಎರಡೂ ಸರಿಯಾದ ಪದಗಳೇ. ಅನುಮಾನ ಇದ್ದರೆ ‘ವೇರಿಯಸ್’ ಎಂದೇ ಬರೆದು ನಿಶ್ಚಿಂತೆಯಿಂದಿರಿ.

ಕನ್ನಡಕ್ಕೆ ತರುವಾಗ

ಒಂದೇ ಸಮಾನಪದ ಹುಡುಕುತ್ತಾ ಕೂರಬೇಡಿ, ಜೊತೆಯ ನಾಮಪದವನ್ನೂ ಸೇರಿಸಿಕೊಂಡು ಇಡೀ ಜೋಡಿಯನ್ನೇ ಅನುವಾದಿಸಿ. ‘ನಿಫೇರಿಯಸ್ ಆ್ಯಕ್ಟಿವಿಟೀಸ್’ಗೆ ‘ಕುಕೃತ್ಯಗಳು’ ಸಾಕು. ಹಣದ ವ್ಯವಹಾರವಾದರೆ ‘ಕರಾಳ ದಂಧೆ’. ‘ದುಷ್ಟ ದುಷ್ಕೃತ್ಯ’ ಎಂದು ಬರೆದರೆ ಕೆಟ್ಟತನ ಎರಡು ಸಲ ಬಂದಂತಾಗುತ್ತದೆ, ‘ದುಷ್’ ಎಂಬುದರಲ್ಲೇ ಅದು ಇದೆ. ‘ನಿಫೇರಿಯಸ್ ಇಂಟೆಂಟ್’ ಎಂದರೆ ದುರುದ್ದೇಶ, ಅಷ್ಟೇ. ‘ನಿಫೇರಿಯಸ್ ಮೀನ್ಸ್’ ಎಂದರೆ ಅಡ್ಡದಾರಿ, ವಾಮಮಾರ್ಗ.

ಜೊತೆಯ ನಾಮಪದಗಳೇ ಕಾಲೆಳೆಯುವುದೂ ಉಂಟು. ‘ನಿಫೇರಿಯಸ್ ಡಿಸೈನ್ಸ್’ನಲ್ಲಿ ಯಾವ ವಿನ್ಯಾಸವೂ ಇಲ್ಲ, ಅದು ‘ಹುನ್ನಾರ’. ಕನ್ನಡದ ಈ ಪದದಲ್ಲಿ ಗುಟ್ಟು, ಲೆಕ್ಕಾಚಾರ, ಕೇಡು ಮೂರೂ ಇರುವುದರಿಂದ ಇದಕ್ಕಿಂತ ಹೊಂದುವ ಅನುವಾದ ಇನ್ನೊಂದಿಲ್ಲ. ‘ಪ್ಲಾಟ್’ ಇಲ್ಲಿ ಕಥಾವಸ್ತುವೂ ಅಲ್ಲ, ನಿವೇಶನವೂ ಅಲ್ಲ, ಒಳಸಂಚು. ‘ಎಂಡ್ಸ್’ ಎಂದರೆ ಅಂತ್ಯಗಳಲ್ಲ, ಗುರಿಗಳು. ಸೈಬರ್ ಭದ್ರತೆಯ ಬರಹಗಳಲ್ಲಿ ಬರುವ ‘ನಿಫೇರಿಯಸ್ ಆ್ಯಕ್ಟರ್ಸ್’ ಅನ್ನು ‘ದುಷ್ಟ ನಟರು’ ಮಾಡುವ ಯಂತ್ರಾನುವಾದ ನೋಡಿ ನಗಬಹುದು, ಆದರೆ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ವಂಚಕರು’ ಅಥವಾ ‘ದುಷ್ಕರ್ಮಿಗಳು’ ಎನ್ನಿ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಸುದ್ದಿ ಬರಹದಲ್ಲಿ ‘ದುಷ್ಕೃತ್ಯ’ ಎಂಬುದು ಬೆಂಕಿ ಹಚ್ಚಿದ್ದಕ್ಕೂ ಬರುತ್ತದೆ, ಗಾಜು ಒಡೆದದ್ದಕ್ಕೂ ಬರುತ್ತದೆ. ಅದನ್ನು ಎಲ್ಲ ಕಡೆ ‘ನಿಫೇರಿಯಸ್ ಆ್ಯಕ್ಟ್’ ಮಾಡಬೇಡಿ. ಏನಾಯಿತೋ ಅದನ್ನೇ ಹೇಳಿ: ‘ಆರ್ಸನ್’, ‘ವ್ಯಾಂಡಲಿಸಂ’, ‘ಅಸಾಲ್ಟ್’. ‘ಪಿತೂರಿ’ಗೆ ‘ಕಾನ್ಸ್ಪಿರೆಸಿ’ ಎಂದರೆ ಸಾಕು, ಅದರ ಹಿಂದೆ ನಿಫೇರಿಯಸ್ ಹಚ್ಚುವ ಅಗತ್ಯವಿಲ್ಲ. ಒಳ್ಳೆಯ ಪಿತೂರಿ ಎಂಬುದು ಇರುವುದಿಲ್ಲವಲ್ಲ.

ದೂರು ಪತ್ರದಲ್ಲಿ, ಕಚೇರಿಯ ಮೇಲ್‌ನಲ್ಲಿ

ಇಲ್ಲಿ ಈ ಪದಕ್ಕೆ ನಿಜವಾದ ಬೆಲೆ ತೆರಬೇಕಾಗುತ್ತದೆ. ಲೆಕ್ಕದಲ್ಲಿ ಹಣ ಕಡಿಮೆ ಬಂದಿದೆ ಎಂದಿಟ್ಟುಕೊಳ್ಳಿ. ‘ದಿ ಕ್ಯಾಷಿಯರ್ಸ್ ನಿಫೇರಿಯಸ್ ಹ್ಯಾಂಡ್ಲಿಂಗ್ ಆಫ್ ದಿ ಅಕೌಂಟ್ಸ್’ ಎಂದು ಬರೆದರೆ ಹಣ ಕಡಿಮೆ ಬಂದಿದೆ, ಅದು ಕ್ಯಾಷಿಯರ್‌ನಿಂದ ಆಯಿತು, ಅವರು ಕೆಟ್ಟ ಉದ್ದೇಶದಿಂದ ಬೇಕೆಂದೇ ಮಾಡಿದರು ಎಂಬ ಮೂರೂ ಮಾತುಗಳನ್ನು ಒಟ್ಟಿಗೆ ಹೇಳಿದಂತಾಯಿತು. ನಿಮ್ಮ ಕೈಯಲ್ಲಿ ಪುರಾವೆ ಇರುವುದು ಮೊದಲನೆಯದಕ್ಕೆ ಮಾತ್ರ. ‘ಆ್ಯನ್ ಅನ್‌ಎಕ್ಸ್‌ಪ್ಲೇನ್ಡ್ ಶಾರ್ಟ್‌ಫಾಲ್ ಇನ್ ದಿ ಅಕೌಂಟ್ಸ್’ ಎಂದು ಬರೆಯಿರಿ. ನಿಯಮ ಮೀರಿದ್ದು ಖಚಿತವಾದರೆ ‘ಇರ್‌ರೆಗ್ಯುಲರ್’ ಅಥವಾ ‘ಇಂಪ್ರಾಪರ್’. ಉದ್ದೇಶವೂ ಸಾಬೀತಾದ ಮೇಲೆ ‘ನಿಫೇರಿಯಸ್’ ಬರಲಿ. ಆಗಲೂ ದೂರಿನಲ್ಲಿ ‘ಫ್ರಾಡ್ಯುಲೆಂಟ್’ ಎಂಬ ಪದ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಅದು ಏನು ನಡೆಯಿತು ಎಂದು ಹೇಳುತ್ತದೆ. ನಿಫೇರಿಯಸ್ ಹೇಳುವುದು ಅದರ ಬಗ್ಗೆ ನಿಮ್ಮ ತೀರ್ಪನ್ನು ಮಾತ್ರ.

ಸಲಿಗೆಯ ಮಾತಿನಲ್ಲಿ ಇದೇ ಪದವನ್ನು ತಮಾಷೆಗೂ ಎಳೆಯುತ್ತಾರೆ. ಮಕ್ಕಳು ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದರೆ ‘ದೇ ಆರ್ ಅಪ್ ಟು ಸಮ್‌ಥಿಂಗ್ ನಿಫೇರಿಯಸ್’ ಎನ್ನುವುದುಂಟು. ಸಣ್ಣ ಕಿತಾಪತಿಗೆ ದೊಡ್ಡ ಪದ ಬಳಸುವುದೇ ಅಲ್ಲಿನ ನಗು. ಎದುರಿನವರಿಗೆ ಅದು ತಮಾಷೆ ಎಂದು ಗೊತ್ತಾಗುವ ಕಡೆ ಮಾತ್ರ ಬಳಸಿ, ಬರಹದಲ್ಲಿ ಧ್ವನಿ ಕೇಳಿಸುವುದಿಲ್ಲ.

ಕೈ ಪಳಗಿಸಿಕೊಳ್ಳಲು

ಕೆಳಗಿನವನ್ನು ಒಂದೊಂದಾಗಿ ಓದಿ, ಉತ್ತರ ನೋಡುವ ಮೊದಲು ನೀವೇ ತೀರ್ಮಾನಿಸಿ.

ಕುಡಿದು ಓಡಿಸಿದ ಚಾಲಕ ದಾರಿಹೋಕನಿಗೆ ಗುದ್ದಿದ. ನಿಫೇರಿಯಸ್ ಅಲ್ಲ, ‘ರೆಕ್‌ಲೆಸ್’. ಹಾನಿ ದೊಡ್ಡದು, ಸಂಚು ಇಲ್ಲ.

ನಕಲಿ ಔಷಧಿ ಎಂದು ಗೊತ್ತಿದ್ದೂ ಲೇಬಲ್ ಬದಲಿಸಿ ಆಸ್ಪತ್ರೆಗಳಿಗೆ ಸಾಗಿಸುವ ಜಾಲ. ನಿಫೇರಿಯಸ್. ‘ಸ್ಕೀಮ್’ ಅಥವಾ ‘ಟ್ರೇಡ್’ ಜೊತೆ ಬರೆಯಬಹುದು.

ಕತ್ತಲ ಕಾರಿಡಾರಿನಲ್ಲಿ ನಿಂತವನ ವಿಚಿತ್ರ ನಗು. ‘ಸಿನಿಸ್ಟರ್’.

ಪ್ರವಾಸಿಗರ ಪಾಸ್‌ಪೋರ್ಟ್ ಪ್ರತಿಗಳನ್ನು ಬೇಡದ ಕೆಲಸಕ್ಕೆ ಬಳಸಿದ್ದಾರೆ, ಯಾವ ಕೆಲಸ ಎಂದು ಇನ್ನೂ ತಿಳಿದಿಲ್ಲ, ಒಳ್ಳೆಯದಂತೂ ಅಲ್ಲ ಎಂಬುದು ಖಚಿತ. ‘ಫಾರ್ ನಿಫೇರಿಯಸ್ ಪರ್ಪಸಸ್’. ವಿವರ ತಿಳಿಯದಿದ್ದರೂ ದುರುದ್ದೇಶ ಖಚಿತವಿರುವ ಇಂಥ ಜಾಗಕ್ಕೇ ಆ ನುಡಿಗಟ್ಟು.

ಸಹೋದ್ಯೋಗಿ ವಾರದಿಂದ ಮೇಲ್‌ಗೆ ಉತ್ತರಿಸಿಲ್ಲ, ನಿಮಗೆ ಸಿಟ್ಟು ಬಂದಿದೆ. ಯಾವ ಗುಣವಾಚಕವೂ ಬೇಡ, ಇನ್ನೊಂದು ಮೇಲ್ ಕಳಿಸಿ.